ಪೋಕರ್ ಮೇಜಿನ ಮರ್ಯಾದೆ

ಜೂಜು ಎಂಬ ಮಾತು ಕಿವಿಗೆ ಬಿದ್ದೊಡನೆ ಸಂಸಾರಸ್ಥರ ಹುಬ್ಬು ಗಂಟಿಕ್ಕುವುದು ಸಹಜವೇ. ಧರ್ಮರಾಯನಂಥವನನ್ನೇ ಕಾಡಿಗೆ ಅಟ್ಟಿದ ವ್ಯಸನವದು. ಅದರಿಂದ ಉದ್ಧಾರವಾದ ಮನೆಯನ್ನು ಕಂಡವರು ವಿರಳ. ಹಾಳಾದ ಮನೆಯನ್ನು ಕಾಣದವರೂ ವಿರಳ. ಆದರೂ ಮನುಷ್ಯನ ನಡತೆಯನ್ನು ಅರಿಯಬೇಕೆನ್ನುವವನು ಜೂಜಿನ ಮೇಜಿನತ್ತ ಒಮ್ಮೆಯಾದರೂ ಕಣ್ಣು ಹಾಯಿಸಬೇಕು. ಅಮೆರಿಕದಲ್ಲಿ ಹುಟ್ಟಿ ಜಗತ್ತನ್ನೆಲ್ಲ ಸುತ್ತಿದ ಪೋಕರ್ ಎಂಬ ಇಸ್ಪೀಟಿನ ಆಟದಲ್ಲಿ ಒಂದು ವಿಚಿತ್ರವುಂಟು. ಎದುರಾಳಿಯನ್ನು ನಂಬಿಸಿ ಬೇಸ್ತು ಬೀಳಿಸುವುದೇ ಆ ಆಟದ ಜೀವಾಳ. ಅಷ್ಟಾಗಿಯೂ ಆ ಮೇಜಿನ ಸುತ್ತ ಕುಳಿತವರು ಪಾಲಿಸಬೇಕಾದ ಪ್ರಾಮಾಣಿಕತೆಯ ಕಟ್ಟಳೆಗಳು ಒಂದು ನ್ಯಾಯಸ್ಥಾನದ ಕಟ್ಟಳೆಗಳಿಗಿಂತ ಸಡಿಲವಾಗಿಲ್ಲ.

ಈ ಕಟ್ಟಳೆಗಳು ಸಜ್ಜನರ ಸಭೆಯಲ್ಲಿ ಹುಟ್ಟಿದವಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದ ಸುತ್ತಮುತ್ತ ಪೋಕರ್ ರೂಪುಗೊಂಡಿತು. ಅಲ್ಲಿಂದ ಮಿಸ್ಸಿಸ್ಸಿಪ್ಪಿ ನದಿಯ ಉಗಿಹಡಗುಗಳನ್ನೇರಿ ಉತ್ತರಕ್ಕೆ ಹೋಯಿತು. ಆಗ ಅದನ್ನು ಆಡುತ್ತಿದ್ದುದು ಇಪ್ಪತ್ತೇ ಎಲೆಗಳಿಂದ. ಐವತ್ತೆರಡು ಎಲೆಗಳ ಪೂರ್ಣ ಕಟ್ಟು ಬಳಕೆಗೆ ಬಂದದ್ದು ಆಮೇಲೆ. ಹತ್ತಿಯ ವ್ಯಾಪಾರಿಗಳು, ತೋಟದ ಒಡೆಯರು, ಜೇಬು ತುಂಬಿದ ಪ್ರಯಾಣಿಕರು ಹಡಗಿನಲ್ಲಿ ದಿನಗಟ್ಟಲೆ ಕುಳಿತಿರುತ್ತಿದ್ದರು. ಅವರ ನಡುವೆ ಸಭ್ಯರ ವೇಷ ತೊಟ್ಟ ಕಸುಬುದಾರ ಜೂಜುಗಾರರೂ ಇರುತ್ತಿದ್ದರು. ಗುರುತು ಮಾಡಿದ ಎಲೆ, ಅಂಗಿಯ ತೋಳಿನೊಳಗೆ ಅಡಗಿಸಿಟ್ಟ ಎಕ್ಕ, ಬುಡದಿಂದ ಎಲೆ ಕೊಡುವ ಕೈಚಳಕ, ಇವೆಲ್ಲ ಅವರ ವಿದ್ಯೆಗಳು. ಜೂಜನ್ನು ತೊರೆದು ಸುಧಾರಕನಾದ ಜೊನಾಥನ್ ಗ್ರೀನ್ ಎಂಬಾತ ೧೮೪೩ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿ ಈ ಮೋಸಗಳನ್ನು ಬಯಲಿಗೆಳೆದನು.

ಮೇಜಿನ ಮೇಲೆ ಹಣ, ಸೊಂಟದಲ್ಲಿ ಪಿಸ್ತೂಲು. ಇಂಥ ಸ್ಥಿತಿಯಲ್ಲಿ ಒಂದು ಸಣ್ಣ ಸಂಶಯವೂ ಪ್ರಾಣಕ್ಕೆ ಎರವಾಗುತ್ತಿತ್ತು. ಪಶ್ಚಿಮದ ಗಣಿಯೂರುಗಳಲ್ಲಿ ಒಂದಾದ ಡೆಡ್‌ವುಡ್‌ನಲ್ಲಿ ೧೮೭೬ರ ಆಗಸ್ಟ್ ೨ರಂದು, ಹೆಸರಾಂತ ಬಂದೂಕುಗಾರ ವೈಲ್ಡ್ ಬಿಲ್ ಹಿಕಾಕ್ ಬಾಗಿಲಿಗೆ ಬೆನ್ನು ಮಾಡಿ ಪೋಕರ್ ಆಡುತ್ತ ಕುಳಿತಿದ್ದಾಗ ಹಿಂದಿನಿಂದ ಬಂದವನೊಬ್ಬ ಗುಂಡಿಟ್ಟು ಕೊಂದನು. ಆಗ ಅವನ ಕೈಯಲ್ಲಿ ಎರಡು ಎಕ್ಕ, ಎರಡು ಎಂಟು ಇದ್ದವೆಂದು ಪ್ರತೀತಿ. ಆ ಜೋಡಿಯನ್ನು 'ಸತ್ತವನ ಕೈ' ಎಂದು ಇಂದಿಗೂ ಕರೆಯುವುದುಂಟು. ಹೀಗೆ ಭಯ ಮತ್ತು ಅನುಭವ ಎರಡೂ ಸೇರಿ ಪೋಕರ್‌ಗೆ ಒಂದು ಮರ್ಯಾದೆಯನ್ನು ಕಲಿಸಿದುವು.

ಆಟವನ್ನು ಅರಿಯದವರಿಗೆ ಅದರ ಸ್ಥೂಲ ಪರಿಚಯ ಅಗತ್ಯ. ಇಂದು ಹೆಚ್ಚು ಪ್ರಚಾರದಲ್ಲಿರುವ 'ಟೆಕ್ಸಾಸ್ ಹೋಲ್ಡೆಮ್' ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡೆರಡು ಗುಪ್ತ ಎಲೆಗಳು ದೊರೆಯುತ್ತವೆ. ಆಮೇಲೆ ಮೊದಲು ಮೂರು, ಅನಂತರ ಒಂದು, ಕೊನೆಗೆ ಮತ್ತೊಂದು, ಹೀಗೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ತೆರೆದಿಡುತ್ತಾರೆ. ಈ ಏಳರಲ್ಲಿ ಶ್ರೇಷ್ಠವಾದ ಐದರ ಕೂಟವೇ ಆಟಗಾರನ ಬಲ. ಪ್ರತಿ ಹಂತದಲ್ಲಿಯೂ ಪಣ ಒಡ್ಡಬಹುದು, ಇನ್ನೊಬ್ಬನ ಪಣವನ್ನು ಸರಿಗಟ್ಟಬಹುದು, ಏರಿಸಬಹುದು, ಇಲ್ಲವೆ ಎಲೆಗಳನ್ನು ಬಿಟ್ಟು ಹಿಂಜರಿಯಬಹುದು. ಉಳಿದವರೆಲ್ಲ ಹಿಂಜರಿದರೆ ಕೊನೆಗುಳಿದವನು ತನ್ನ ಎಲೆಗಳನ್ನು ತೋರಿಸದೆಯೇ ರಾಶಿಯನ್ನು ಬಾಚಿಕೊಳ್ಳುತ್ತಾನೆ. ಕೈಯಲ್ಲಿ ಕಸವಿದ್ದರೂ ಕನಕವಿದ್ದಂತೆ ಪಣ ಒಡ್ಡಿ ಎದುರಾಳಿಗಳನ್ನು ಅಂಜಿಸುವ ಅವಕಾಶ ಹುಟ್ಟುವುದು ಇಲ್ಲಿಯೇ. ಇದಕ್ಕೆ ಬ್ಲಫ್ ಎಂದು ಹೆಸರು.

ಆಟಗಾರನ ಕರ್ತವ್ಯಗಳಲ್ಲಿ ಮೊದಲನೆಯದು, ಸರದಿಯನ್ನು ಕಾಯುವುದು. ಸರದಿ ಬರುವ ಮೊದಲೇ ಎಲೆಗಳನ್ನು ಬಿಸುಟು ಹಿಂಜರಿದವನು ತನಗೇನೂ ನಷ್ಟವಿಲ್ಲವೆಂದು ಭಾವಿಸಬಹುದು. ಆದರೆ ಅವನ ಹಿಂದಿನವನು ಆಗಿನ್ನೂ ಪಣ ಏರಿಸಬೇಕೆ ಬೇಡವೆ ಎಂದು ಯೋಚಿಸುತ್ತಿರುತ್ತಾನೆ. ಎದುರಿಗೆ ಒಬ್ಬ ಕಡಿಮೆಯಾದನೆಂಬ ಸಮಾಚಾರ ಅವನಿಗೆ ಪುಕ್ಕಟೆಯಾಗಿ ದೊರೆಯಿತು. ಮೂರನೆಯವನೊಬ್ಬನಿಗೆ ಅದರಿಂದ ಅನ್ಯಾಯವಾಯಿತು. ತನಗೆ ಬೇಡವಾದುದನ್ನು ಬಿಸುಡುವುದಕ್ಕೂ ಒಂದು ಹೊತ್ತುಂಟೆಂಬುದನ್ನು ಈ ನಿಯಮ ಹೇಳುತ್ತದೆ.

ಎರಡನೆಯದು, ಆಡಿದ ಮಾತಿಗೆ ಬದ್ಧನಾಗುವುದು. ಸರದಿಯಲ್ಲಿ 'ಏರಿಸಿದೆ' ಎಂದು ಬಾಯಿಬಿಟ್ಟವನು ಏರಿಸಲೇಬೇಕು. 'ಬಾಯಿ ತಪ್ಪಿ ಬಂತು' ಎಂಬ ಸಮಜಾಯಿಷಿ ನಡೆಯದು. ಮಾತಿಲ್ಲದೆ ಪಣ ಏರಿಸುವುದಾದರೆ ಬಿಲ್ಲೆಗಳನ್ನೆಲ್ಲ ಒಂದೇ ಸಲಕ್ಕೆ ಮುಂದೂಡಬೇಕು. ಕೆಲವರು ಸರಿಗಟ್ಟುವಷ್ಟನ್ನು ಮಾತ್ರ ಮುಂದಿಟ್ಟು, ಎದುರಾಳಿಯ ಮುಖದಲ್ಲಿ ಸಮಾಧಾನದ ಗೆರೆ ಮೂಡುತ್ತದೆಯೇ ಎಂದು ನೋಡಿಕೊಂಡು, ಮತ್ತೆ ರಾಶಿಗೆ ಕೈ ಹಾಕಿ ಇನ್ನಷ್ಟು ತರುತ್ತಾರೆ. ಈ ಕಂತು ಪಣಕ್ಕೆ ಅಲ್ಲಿ ಮಾನ್ಯತೆಯಿಲ್ಲ. ಮೊದಲ ಸಲ ಇಟ್ಟದ್ದಷ್ಟೇ ನಿಲ್ಲುತ್ತದೆ.

ಮೂರನೆಯದು ಬಿಲ್ಲೆಗಳಿಗೆ ಸಂಬಂಧಿಸಿದ್ದು. ಬೆಲೆ ಹೆಚ್ಚಿನ ಬಿಲ್ಲೆಗಳನ್ನು ಸಣ್ಣ ಬಿಲ್ಲೆಗಳ ಹಿಂದೆ ಮರೆಮಾಡಿ ಇಡಕೂಡದು. ಎದುರಾಳಿಯ ಬಳಿ ಎಷ್ಟು ಬಲವಿದೆಯೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿರಬೇಕು. ಪಣವನ್ನು ತನ್ನ ಮುಂದೆ ಓರಣವಾಗಿ ಇಡಬೇಕಲ್ಲದೆ ನಡುವಿನ ರಾಶಿಯ ಮೇಲೆ ಎರಚಬಾರದು. ಎರಚಿದರೆ ಲೆಕ್ಕ ಸಿಗದು. ಗೆದ್ದ ಬಿಲ್ಲೆಗಳಲ್ಲಿ ಒಂದಷ್ಟನ್ನು ಮೆಲ್ಲಗೆ ಜೇಬಿಗಿಳಿಸಿ ಉಳಿದುದರಿಂದ ಆಟ ಮುಂದುವರಿಸುವಂತೆಯೂ ಇಲ್ಲ. ಸೋತವನಿಗೆ ಅದನ್ನು ಮರಳಿ ಗೆಲ್ಲುವ ಅವಕಾಶವಿರಬೇಕು.

ಇದಕ್ಕೆ ಜೋಡಿಯಾದ ಇನ್ನೊಂದು ನಿಯಮವುಂಟು; ಪೋಕರ್‌ನ ನಿಯಮಗಳಲ್ಲೆಲ್ಲ ಮಾನವೀಯವಾದುದು ಇದೇ ಎನ್ನಬಹುದು. ಕೈಯಾಟ ಆರಂಭವಾದಾಗ ಒಬ್ಬನ ಮುಂದೆ ಮೇಜಿನ ಮೇಲೆ ಎಷ್ಟಿತ್ತೋ ಅಷ್ಟನ್ನು ಮಾತ್ರ ಅವನು ಆ ಕೈಯಲ್ಲಿ ಕಳೆದುಕೊಳ್ಳಬಲ್ಲ. ಜೇಬಿನ ಹಣ, ಕೈಗಡಿಯಾರ, ಮನೆಯ ಪತ್ರ, ಯಾವುದನ್ನೂ ನಡುವೆ ತಂದು ಒಡ್ಡುವಂತಿಲ್ಲ. ಧನಿಕನೊಬ್ಬ ಸಾವಿರ ಒಡ್ಡಿದಾಗ ಬಡವನ ಬಳಿ ನೂರೇ ಇದ್ದರೆ, ಆ ನೂರನ್ನೇ ಒಡ್ಡಿ ಕೊನೆಯವರೆಗೂ ನಿಲ್ಲುವ ಹಕ್ಕು ಬಡವನಿಗುಂಟು. ಗೆದ್ದರೆ ಪ್ರತಿಯೊಬ್ಬನಿಂದಲೂ ನೂರರಷ್ಟೇ ಅವನಿಗೆ ಸಲ್ಲುತ್ತದೆ. ಹಣದ ಬಲವೊಂದರಿಂದಲೇ ಅವನನ್ನು ಮೇಜಿನಿಂದ ಹೊರದೂಡಲಾಗದು. ಸೋಲಿನ ಆವೇಶದಲ್ಲಿ ಮೈಮರೆತವನು ಮನೆಮಠಗಳನ್ನು ಆ ಗಳಿಗೆಯಲ್ಲಿ ತಂದೊಡ್ಡದಂತೆಯೂ ಈ ನಿಯಮ ತಡೆಯುತ್ತದೆ.

ನಾಲ್ಕನೆಯದು, ಒಂದು ಕೈಗೆ ಒಬ್ಬನೇ ಆಟಗಾರ. ಬೆನ್ನ ಹಿಂದೆ ನಿಂತ ಗೆಳೆಯ ಸಲಹೆ ಕೊಡಬಾರದು. ಹಿಂಜರಿದವನು ತಾನು ಬಿಟ್ಟ ಎಲೆಗಳೇನೆಂದು ಉಸುರಬಾರದು. ನಡುವೆ ತೆರೆದ ಎಲೆಯನ್ನು ಕಂಡು 'ಅಯ್ಯೋ' ಎಂದು ನಿಟ್ಟುಸಿರಿಡುವುದೂ ತಪ್ಪೇ. ಗಂಡಹೆಂಡಿರೇ ಒಂದು ಮೇಜಿಗೆ ಬಂದರೂ ಒಬ್ಬರನ್ನೊಬ್ಬರು ಎದುರಾಳಿಗಳೆಂದೇ ಭಾವಿಸಿ ಆಡತಕ್ಕದ್ದು. ಸ್ನೇಹಕ್ಕೆ ಕಟ್ಟುಬಿದ್ದು ಮೆತ್ತಗೆ ಆಡುವುದು ಉಳಿದವರಿಗೆ ಬಗೆದ ದ್ರೋಹವಾಗುತ್ತದೆ. ಅಮೆರಿಕದ ಮೇಜುಗಳಲ್ಲಿ ಕೈ ನಡೆಯುತ್ತಿರುವಾಗ ಇಂಗ್ಲಿಷ್ ಹೊರತು ಬೇರೆ ಮಾತು ಆಡಬಾರದೆಂಬ ಕಟ್ಟಳೆಗೂ ಇದೇ ಕಾರಣ. ಇಬ್ಬರಿಗೆ ಮಾತ್ರ ತಿಳಿಯುವ ಭಾಷೆ ಗುಟ್ಟಿನ ಸನ್ನೆಯಾಗಬಹುದು.

ಇವಿಷ್ಟು ಬರೆದಿಟ್ಟ ಕಟ್ಟಳೆಗಳಾದುವು. ಬರೆಯದಿದ್ದರೂ ಸಭ್ಯರು ಪಾಲಿಸುವ ನಡತೆಯೂ ಉಂಟು. ಗೆಲ್ಲುವ ಎಲೆಗಳು ಕೈಯಲ್ಲಿದ್ದೂ, ಸೋತವನಂತೆ ತಡೆದು ತಡೆದು, ಎದುರಾಳಿಯ ಮನದಲ್ಲಿ ಆಸೆ ಬೆಳೆದ ಮೇಲೆ ಎಲೆ ತಿರುವುವುದನ್ನು ಪೋಕರ್ ಲೋಕ ನೀಚತನವೆಂದೇ ಎಣಿಸುತ್ತದೆ. ಅದರಿಂದ ಒಂದು ಬಿಲ್ಲೆಯೂ ಹೆಚ್ಚು ದೊರೆಯದು. ಸೋತವನಿಗೆ ನೋವು ಮಾತ್ರ ಹೆಚ್ಚುತ್ತದೆ. ಅಂತೆಯೇ ಹೊಸಬನೊಬ್ಬ ತಪ್ಪಾಗಿ ಆಡಿ ಗೆದ್ದಾಗ ಅವನಿಗೆ ಪಾಠ ಹೇಳಲು ಹೊರಡುವುದು, ಎಲೆಗಳನ್ನು ಡೀಲರ್‌ನ ಮುಖಕ್ಕೆ ಎಸೆಯುವುದು, ಗೆದ್ದು ಕೇಕೆ ಹಾಕುವುದು ಕೀಳು ನಡತೆಯೆನಿಸುತ್ತವೆ. ಸೋಲನ್ನು ಬಿಕ್ಕಳಿಸದೆ ನುಂಗುವುದು ಆ ಮೇಜಿನ ದೊಡ್ಡಸ್ತಿಕೆ.

ಇನ್ನು ಎಲೆ ಹಂಚುವ ಡೀಲರ್‌ನ ಕರ್ತವ್ಯಗಳು. ಮನೆಯಾಟದಲ್ಲಿ ಸರದಿಯಂತೆ ಒಬ್ಬೊಬ್ಬರು ಹಂಚುತ್ತಾರೆ. ಪೋಕರ್ ಮಂದಿರಗಳಲ್ಲಿ ಹಂಚುವುದಕ್ಕೆಂದೇ ಸಂಬಳದ ನೌಕರನಿರುತ್ತಾನೆ, ಅವನು ಆಡುವುದಿಲ್ಲ. ಹಂಚುವವನ ಸ್ಥಾನದಿಂದ ಆಟದಲ್ಲಿ ದೊರೆಯುವ ಅನುಕೂಲವನ್ನು ಎಲ್ಲರಿಗೂ ಸಮನಾಗಿ ಹಂಚಲು 'ಬಟನ್' ಎಂಬ ದುಂಡು ಬಿಲ್ಲೆಯೊಂದು ಕೈಯಿಂದ ಕೈಗೆ ಸರಿಯುತ್ತ ಹೋಗುತ್ತದೆ.

ಡೀಲರ್ ಮೇಜನ್ನು ಬಿಟ್ಟೇಳುವಾಗ ಎರಡೂ ಅಂಗೈಗಳನ್ನು ತಿರುಗಿಸಿ ತೋರಿಸುವ ರೂಢಿಯುಂಟು. ಏನನ್ನೂ ಕದ್ದೊಯ್ಯುತ್ತಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಹೊಸ ಕಟ್ಟನ್ನು ಮೊದಲು ಮೇಜಿನ ಮೇಲೆ ಹರಡಿ ಎರಡೂ ಕೈಗಳಿಂದ ಕಲಸುತ್ತಾನೆ. ಆಮೇಲೆ ಎರಡು ಪಾಲು ಮಾಡಿ ಹೆಣೆಯುತ್ತಾನೆ, ಮತ್ತೆ ಹೆಣೆಯುತ್ತಾನೆ, ಕಂತೆಕಂತೆಯಾಗಿ ಮೇಲುಕೆಳಗು ಮಾಡುತ್ತಾನೆ, ಇನ್ನೊಮ್ಮೆ ಹೆಣೆದು ಕತ್ತರಿಸುತ್ತಾನೆ. ಕಟ್ಟಿನ ಬುಡಕ್ಕೆ ಬಣ್ಣದ ಹಲಗೆಯಂಥ ಒಂದು ಎಲೆಯನ್ನಿಟ್ಟು ಕೊನೆಯ ಎಲೆ ಯಾರಿಗೂ ಕಾಣದಂತೆ ಮುಚ್ಚುತ್ತಾನೆ. ಐವತ್ತೆರಡು ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆಯನ್ನು ಬರೆಯಲು ೬೮ ಅಂಕೆಗಳು ಬೇಕು. ಕಟ್ಟು ಚೆನ್ನಾಗಿ ಕಲೆಯಬೇಕಾದರೆ ಎಷ್ಟು ಸಲ ಹೆಣೆಯಬೇಕೆಂಬುದನ್ನು ಡೇವ್ ಬೇಯರ್ ಮತ್ತು ಪೆರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು ಲೆಕ್ಕ ಹಾಕಿ, ಸುಮಾರು ಏಳು ಸಲವೆಂದು ೧೯೯೨ರಲ್ಲಿ ತೋರಿಸಿಕೊಟ್ಟರು. ಡಯಾಕೊನಿಸ್ ಹದಿಹರೆಯದಲ್ಲಿ ಇಂದ್ರಜಾಲಿಗನಾಗಿದ್ದವರು; ಎಲೆಗಳು ಮಾಡಬಲ್ಲ ಮೋಸವನ್ನು ಅವರು ಒಳಗಿನಿಂದಲೇ ಬಲ್ಲರು.

ನಡುವಿನ ಎಲೆಗಳನ್ನು ತೆರೆಯುವ ಮೊದಲು ಪ್ರತಿ ಸಲವೂ ಮೇಲಿನ ಒಂದು ಎಲೆಯನ್ನು ಡೀಲರ್ ಬೋರಲಾಗಿ ಪಕ್ಕಕ್ಕೆ ಸರಿಸುತ್ತಾನೆ. ನೋಡುವವರಿಗೆ ಇದು ಅರ್ಥವಿಲ್ಲದ ಶಾಸ್ತ್ರದಂತೆ ತೋರೀತು. ಆದರೆ ಪಣ ಒಡ್ಡುವ ಹೊತ್ತಿನಲ್ಲೆಲ್ಲ ಆ ಎಲೆಯ ಬೆನ್ನು ಎಲ್ಲರ ಕಣ್ಣೆದುರಿಗಿರುತ್ತದೆ. ಅದರ ಮೇಲೆ ಯಾರಾದರೂ ಉಗುರಿನ ಗುರುತು ಮಾಡಿದ್ದರೆ ಮುಂದೆ ಬರುವ ಎಲೆ ಅವನಿಗೆ ಮೊದಲೇ ತಿಳಿದುಹೋಗುತ್ತದೆ. ಆ ಒಂದು ಎಲೆಯನ್ನು ಬಲಿಗೊಟ್ಟರೆ ಆ ಮೋಸ ವ್ಯರ್ಥವಾಗುತ್ತದೆ. ನದಿಯ ಹಡಗಿನ ಕಾಲದ ಕಹಿ ಅನುಭವ ಇಂದಿಗೂ ಇಂಥ ಶಾಸ್ತ್ರಗಳಲ್ಲಿ ಉಳಿದುಕೊಂಡಿದೆ.

ಹಂಚುವುದಕ್ಕಿಂತ ಕಠಿಣವಾದುದು ಡೀಲರ್‌ನ ನಿಷ್ಪಕ್ಷಪಾತ. ಯಾರ ಸರದಿಯೆಂಬುದನ್ನು ಅವನು ಸ್ಪಷ್ಟವಾಗಿ ತೋರಿಸಬೇಕು; ಪಣವನ್ನು ಎಲ್ಲರಿಗೂ ಕೇಳಿಸುವಂತೆ ಸಾರಬೇಕು. ಆದರೆ ಹೇಗೆ ಆಡಿದ್ದರೆ ಚೆನ್ನಾಗಿತ್ತೆಂದು ಹೇಳುವಂತಿಲ್ಲ, ಸೋತವನೆದುರು ಮರುಕವನ್ನಾಗಲಿ ಗೆದ್ದವನೆದುರು ಮೆಚ್ಚುಗೆಯನ್ನಾಗಲಿ ಸೂಚಿಸುವಂತಿಲ್ಲ. ಗೆದ್ದವರು ಅವನಿಗೆ ಇನಾಮು ಕೊಡುವುದುಂಟು. ಕೊಟ್ಟವನಿಗೂ ಕೊಡದವನಿಗೂ ಅವನ ಕೈ ಒಂದೇ ಸಮನಾಗಿ ಎಲೆ ಹಾಕಬೇಕು. ಕೊನೆಯಲ್ಲಿ ತೆರೆದ ಎಲೆಗಳನ್ನು ಓದಿ ರಾಶಿಯನ್ನು ಸಲ್ಲಬೇಕಾದವನಿಗೆ ಸಲ್ಲಿಸುವುದೂ ಅವನದೇ ಹೊಣೆ. ಆಟಗಾರ ಕಣ್ತಪ್ಪಿನಿಂದ 'ಸೋತೆ' ಎಂದರೂ ಅವನು ಮೇಜಿನ ಮೇಲೆ ತೆರೆದಿಟ್ಟ ಎಲೆಗಳು ಗೆಲುವನ್ನು ತೋರಿಸಿದರೆ ರಾಶಿ ಅವನದೇ. 'ಎಲೆಗಳೇ ಮಾತಾಡುತ್ತವೆ' ಎಂಬುದು ಅಲ್ಲಿಯ ನುಡಿಗಟ್ಟು. ವಿವಾದ ಎದ್ದರೆ ಡೀಲರ್ ತಾನೇ ತೀರ್ಪು ಕೊಡದೆ ಮೇಲ್ವಿಚಾರಕನನ್ನು ಕರೆಯಬೇಕು. ತಪ್ಪು ತನ್ನದೇ ಆಗಿದ್ದರೂ ನಡೆದುದನ್ನು ನಡೆದಂತೆ ಹೇಳಬೇಕು.

ಹಂಚುವ ಹೊಣೆಯಿಂದಲೇ ಇಂಗ್ಲಿಷಿಗೆ ಒಂದು ನುಡಿಗಟ್ಟು ಬಂದಿದೆ. ಹಿಂದೆ ಗಡಿನಾಡಿನ ಮೇಜುಗಳಲ್ಲಿ ಹಂಚುವವನ ಮುಂದೆ 'ಬಕ್' ಎಂಬ ಗುರುತಿನ ವಸ್ತುವೊಂದನ್ನು ಇಡುತ್ತಿದ್ದರು. ಅದು ಜಿಂಕೆಯ ಕೊಂಬಿನ ಹಿಡಿಯುಳ್ಳ ಚೂರಿಯಾಗಿರುತ್ತಿತ್ತೆಂದು ಹೇಳುತ್ತಾರೆ. ಹಂಚುವ ಹೊಣೆ ಬೇಡವೆಂದವನು ಅದನ್ನು ಮುಂದಿನವನಿಗೆ ದಾಟಿಸುತ್ತಿದ್ದನು. ಅದರಿಂದ 'ಬಕ್ ದಾಟಿಸುವುದು' ಎಂದರೆ ಹೊಣೆ ಜಾರಿಸುವುದು ಎಂಬ ಅರ್ಥ ನೆಲೆಗೊಂಡಿತು. ಪೋಕರ್‌ಪ್ರಿಯನಾಗಿದ್ದ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ ೧೯೪೫ರ ಅಕ್ಟೋಬರಿನಲ್ಲಿ ಒಂದು ಫಲಕ ಉಡುಗೊರೆಯಾಗಿ ಬಂದಿತು. ಒಕ್ಲಹೋಮದ ಎಲ್ ರೀನೋ ಊರಿನ ಸೆರೆಮನೆಯಲ್ಲಿ ತಯಾರಾದ ಆ ಫಲಕದ ಮಾತಿನ ತಾತ್ಪರ್ಯ, ಬಕ್ ಇಲ್ಲಿಂದ ಮುಂದಕ್ಕೆ ದಾಟದು ಎಂದು. ಜೂಜುಗಾರರ ಮೇಜಿನಲ್ಲಿ ಹುಟ್ಟಿದ ಮಾತು ರಾಷ್ಟ್ರಾಧ್ಯಕ್ಷನ ಮೇಜನ್ನೇರಿತು.

ಇಷ್ಟೆಲ್ಲ ಕೇಳಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಸುಳ್ಳು ಬಲವನ್ನು ನಟಿಸುವುದೇ ಆಟವಾಗಿರುವಾಗ ಈ ಪ್ರಾಮಾಣಿಕತೆಯ ಆಡಂಬರವೇಕೆ? ಉತ್ತರವಿಷ್ಟೆ: ತನ್ನ ಕೈಯ ಎರಡು ಎಲೆಗಳು ಆಟಗಾರನ ಸ್ವಂತದ್ದು. ಅವನ್ನು ಅಡಗಿಸುವುದಕ್ಕೂ ಅವುಗಳ ವಿಷಯದಲ್ಲಿ ನಟಿಸುವುದಕ್ಕೂ ಅವನಿಗೆ ಹಕ್ಕುಂಟು. ಆ ಹಕ್ಕು ಎಲ್ಲರಿಗೂ ಸಮಾನ, ಅದು ಎಲ್ಲರಿಗೂ ಗೊತ್ತು. ಆದರೆ ಸರದಿ, ಪಣದ ಮೊತ್ತ, ಎಲೆಗಳ ಕಟ್ಟು, ನಡುವಿನ ರಾಶಿ ಇವು ಎಲ್ಲರಿಗೂ ಸೇರಿದುವು. ಅಲ್ಲಿ ಮಾಡಿದ ಮೋಸ ಆಟವನ್ನೇ ಕೊಲ್ಲುತ್ತದೆ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ೧೯೪೪ರಲ್ಲಿ ಅರ್ಥಶಾಸ್ತ್ರಜ್ಞ ಮಾರ್ಗನ್‌ಸ್ಟರ್ನ್‌ನೊಡನೆ ಪ್ರಕಟಿಸಿದ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಪೋಕರ್‌ನ ಸೋಗನ್ನು ಲೆಕ್ಕಕ್ಕೆ ಅಳವಡಿಸಿ, ಅದು ಚಪಲವಲ್ಲ, ವಿವೇಕದ ಆಟದ ಅಂಗವೇ ಎಂದು ತೋರಿಸಿದನು. ಆದರೆ ಆ ಲೆಕ್ಕಕ್ಕೂ ತಳಹದಿ ನಿಯಮಗಳ ಸ್ಥಿರತೆಯೇ.

೧೯೩೧ರಲ್ಲಿ ನೆವಾಡ ಸಂಸ್ಥಾನ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಲಾಸ್ ವೇಗಸ್‌ನಲ್ಲಿ ೧೯೭೦ರಲ್ಲಿ ಪೋಕರ್‌ನ ವಿಶ್ವಸರಣಿ ಆರಂಭವಾದಾಗ ಬಂದಿದ್ದವರು ಒಬ್ಬರನ್ನೊಬ್ಬರು ಬಲ್ಲ ಕೆಲವೇ ಮಂದಿ. ೨೦೦೩ರಲ್ಲಿ ಅದರ ಮುಖ್ಯ ಸ್ಪರ್ಧೆಗೆ ೮೩೯ ಮಂದಿ ಬಂದರು; ೨೦೨೩ರಲ್ಲಿ ಆ ಸಂಖ್ಯೆ ೧೦,೦೪೩ಕ್ಕೆ ಏರಿತು. ಹಲವು ದೇಶಗಳ ಅಪರಿಚಿತರು ಒಂದೇ ಮೇಜಿಗೆ ಬಂದಾಗ ಊರಿಗೊಂದು ಪದ್ಧತಿ ಸಾಗದು. ನಿಯಮಗಳನ್ನು ಏಕರೂಪಗೊಳಿಸಲೆಂದು ಪಂದ್ಯಗಳ ನಿರ್ದೇಶಕರ ಸಂಘವೊಂದು ೨೦೦೧ರಲ್ಲಿ ಸ್ಥಾಪನೆಯಾಯಿತು.

ಜೂಜಿಗೆ ಶಿಸ್ತು ಬೇಕೆಂಬ ವಿಚಾರ ಭಾರತಕ್ಕೆ ಹೊಸದೇನೂ ಅಲ್ಲ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅವರಿಂದಲೇ ಅಚ್ಚಾಗಿ ಹೊರಬಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಜೂಜು ನಿಗದಿಯಾದ ಒಂದೇ ಸ್ಥಳದಲ್ಲಿ ನಡೆಯಬೇಕು. ದಾಳಗಳನ್ನು ಅಧ್ಯಕ್ಷನೇ ಒದಗಿಸಬೇಕು. ಅವನ್ನು ಬದಲಿಸಿದವನಿಗೆ ಹನ್ನೆರಡು ಪಣ ದಂಡ. ಗೆದ್ದ ಮೊತ್ತದಲ್ಲಿ ನೂರಕ್ಕೆ ಐದರಂತೆ ಅಧ್ಯಕ್ಷನಿಗೆ ಸಲ್ಲಬೇಕು. ಪೋಕರ್ ಮಂದಿರಗಳು ಪ್ರತಿ ರಾಶಿಯಿಂದ ತೆಗೆದುಕೊಳ್ಳುವ ಪಾಲು ಇದಕ್ಕಿಂತ ಬೇರೆಯಲ್ಲ.

ಈ ಕಟ್ಟಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕುರುಸಭೆಯತ್ತ ತಿರುಗಿದರೆ ಹಳೆಯ ಕಥೆ ಹೊಸದಾಗಿ ಕಾಣುತ್ತದೆ. ಅಲ್ಲಿ ಪಣ ಒಡ್ಡಿದವನು ದುರ್ಯೋಧನ, ದಾಳ ಎಸೆದವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಲ್ಲವೆಂದು ಯುಧಿಷ್ಠಿರನೇ ಆಕ್ಷೇಪಿಸಿದನು. ಆಕ್ಷೇಪಿಸಿಯೂ ಆಟಕ್ಕೆ ಕುಳಿತನು. ಒಡ್ಡುವ ಪಣಕ್ಕೆ ಎಲ್ಲೆಯಿರಲಿಲ್ಲ. ಹೊನ್ನು, ರಥ, ರಾಜ್ಯಗಳು ಮುಗಿದ ಮೇಲೆ ತಮ್ಮಂದಿರು, ತಾನು, ಕೊನೆಗೆ ಹೆಂಡತಿ. ತನ್ನನ್ನು ಮೊದಲು ಸೋತನೋ ತನ್ನನ್ನೇ ತಾನು ಮೊದಲು ಸೋತನೋ ಎಂದು ದ್ರೌಪದಿ ಕೇಳಿದ ಪ್ರಶ್ನೆ, ಕಣ್ಣೀರಿನ ನಡುವೆಯೂ, ಆಟದ ಕ್ರಮದ ಪ್ರಶ್ನೆಯೇ ಆಗಿತ್ತು. ತನ್ನನ್ನೇ ಕಳೆದುಕೊಂಡವನ ಮುಂದೆ ಒಡ್ಡಲು ಏನುಳಿದಿತ್ತು? ಅದಕ್ಕೆ ತೀರ್ಪು ಕೊಡುವ ಮೇಲ್ವಿಚಾರಕ ಅಲ್ಲಿರಲಿಲ್ಲ. ಧರ್ಮ ಸೂಕ್ಷ್ಮವೆಂದು ಭೀಷ್ಮ ಹೇಳಿ ಸುಮ್ಮನಾದನು.

ಪೋಕರ್‌ನ ನಿಯಮಗಳಲ್ಲಿ ಇನ್ನೊಂದುಂಟು. ಪಣದ ಲೆಕ್ಕ ತಪ್ಪುತ್ತಿರುವುದನ್ನಾಗಲಿ, ರಾಶಿ ಸಲ್ಲದವನ ಕೈಗೆ ಹೋಗುತ್ತಿರುವುದನ್ನಾಗಲಿ ಕಂಡ ಯಾವನೇ ಆಟಗಾರನೂ ಅದನ್ನು ಎತ್ತಿ ಹೇಳಬೇಕಾದುದು ಅವನ ನೈತಿಕ ಕರ್ತವ್ಯ. ತನಗೆ ಅದರಿಂದ ಲಾಭವೋ ನಷ್ಟವೋ ಎಂಬ ಎಣಿಕೆ ಅಲ್ಲಿ ಸಲ್ಲದು. ಇಡೀ ಕುರುಸಭೆಯಲ್ಲಿ ವಿದುರನನ್ನು ಬಿಟ್ಟರೆ ಈ ಕರ್ತವ್ಯ ನೆನಪಾದುದು ಕೌರವರಲ್ಲೇ ಒಬ್ಬನಾದ ವಿಕರ್ಣನಿಗೆ. ತಾನು ಸೋತ ಮೇಲೆ ಒಡ್ಡಿದ ಪಣ ಸಲ್ಲದೆಂದು ಅವನು ಎದ್ದು ನಿಂತು ಹೇಳಿದನು. ಗೆದ್ದ ಪಕ್ಷದವನೇ ಗೆಲುವು ತಪ್ಪೆಂದು ಹೇಳಿದುದರಿಂದ ಆ ಮಾತಿಗೆ ತೂಕವಿತ್ತು. ಕೇಳುವ ಕಿವಿ ಮಾತ್ರ ಇರಲಿಲ್ಲ.

ಮರ್ಯಾದೆಯಿಂದ ಆಡಿದ ಮಾತ್ರಕ್ಕೆ ಜೂಜು ನಿರಪಾಯವಾಗುತ್ತದೆಂದು ಯಾರೂ ಭ್ರಮಿಸಬಾರದು. ಮಂದಿರದವರು ಪ್ರತಿ ರಾಶಿಯಿಂದ ತಮ್ಮ ಪಾಲನ್ನು ತೆಗೆಯುತ್ತಲೇ ಇರುವುದರಿಂದ ಆಟಗಾರರೆಲ್ಲರ ಜೇಬು ಒಟ್ಟಿನಲ್ಲಿ ಹಗುರವಾಗುತ್ತಲೇ ಹೋಗುತ್ತದೆ. ನಿಯಮಗಳು ಮೋಸವನ್ನು ತಡೆದಾವಲ್ಲದೆ ಸೋಲನ್ನು ತಡೆಯಲಾರವು. ಅಂತರ್ಜಾಲದ ಮೂಲಕ ಹಣವಿಟ್ಟು ಆಡುವ ಆಟಗಳು ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ಭಾರತದ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಆ ಬಗೆಯ ಆಟದಲ್ಲಿ ಎದುರಿಗೆ ಕುಳಿತವನ ಮುಖವಿಲ್ಲ, ಅಂಗೈ ತೋರಿಸುವ ಡೀಲರ್ ಇಲ್ಲ. 'ಸಾಕು, ಏಳು' ಎನ್ನುವವರಂತೂ ಇಲ್ಲವೇ ಇಲ್ಲ.

ಆದರೆ ಹಬ್ಬದ ರಜೆಯಲ್ಲಿ ಮನೆಮಂದಿ ಚಾಪೆಯ ಮೇಲೆ ಕುಳಿತು ಹುಣಸೆಬೀಜಗಳನ್ನು ಪಣವಾಗಿಟ್ಟು ಇಸ್ಪೀಟು ಆಡುವಾಗ ಈ ಮರ್ಯಾದೆಗಳಲ್ಲಿ ಕೆಲವನ್ನು ಮಕ್ಕಳಿಗೆ ಕಲಿಸಿದರೆ ನಷ್ಟವೇನೂ ಇಲ್ಲ. ಸರದಿ ಬರುವವರೆಗೆ ತಾಳುವುದು, ಆಡಿದ ಮಾತನ್ನು ನಡೆಸುವುದು, ಗೆದ್ದಾಗ ಸೋತವನ ಮುಖವನ್ನು ನೆನೆಯುವುದು ಯಾವ ವಯಸ್ಸಿಗೂ ಒಪ್ಪುವ ಗುಣಗಳು. ತನ್ನ ಪಾಲಿಗೆ ಒಂದು ಬೀಜ ಹೆಚ್ಚಾಗಿ ಬಂದುದನ್ನು ಕಂಡು ಮಗುವೊಂದು ತಾನಾಗಿಯೇ ಅದನ್ನು ಮರಳಿ ನಡುವೆ ಇಟ್ಟರೆ, ಆ ದಿನದ ಆಟದಲ್ಲಿ ಹಿರಿಯರು ಎಣಿಸಬೇಕಾದ ಗೆಲುವು ಅದೇ.